ಅಂಚಿನ ನಡುವಿನ ಚುಕ್ಕಿ

ಗಾನವಿ ಲ್ಯಾಪ್‌ಟಾಪ್ ತೆರೆದದ್ದೇ ತಡ, ಜ್ಞಾನೇಶನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ತೆಂಗಿನಕಾಯಿ ಸುಲಿಯುವ ಯಂತ್ರದ ಹಿಡಿಕೆ ಎಷ್ಟು ದಪ್ಪವಿರಬೇಕೆಂದು ಕಾಲೇಜಿನ ಈ ಇಬ್ಬರೂ ಬೇರೆ ಬೇರೆ ಲೆಕ್ಕ ಮಾಡಿ, ಎರಡೂ ಫೈಲನ್ನು ಅವಳ ಲ್ಯಾಪ್‌ಟಾಪಿಗೇ ಹಾಕಿದ್ದರು. ಮೇಷ್ಟ್ರು ರೇಣುಕಪ್ರಸಾದ್ ಒಪ್ಪಿದ ಲೆಕ್ಕದಂತೆ ಇವತ್ತೇ ಕಬ್ಬಿಣ ಕತ್ತರಿಸಬೇಕು; ಹಂದನಕೆರೆಯ ಲಕ್ಷ್ಮಕ್ಕ ಅದರಲ್ಲೇ ಕಾಯಿ ಸುಲಿಯುವವಳು. ಪರದೆಯ ಮೇಲೆ ಹಿಡಿಕೆ ನಾಲ್ಕು ಮೂಲೆಯ ಸಾವಿರಾರು ಟೆಟ್ರಾ ಚೂರುಗಳಾಗಿ ಮೂಡಿತು. ಎಷ್ಟು ಭಾರ ಹಾಕಿದರೂ ಕೂದಲೆಳೆಯಷ್ಟೂ ಬಾಗಲಿಲ್ಲ.

"ಭೇಷ್," ಎಂದರು ಮೇಷ್ಟ್ರು. ಜ್ಞಾನೇಶನಿಗೆ ಮೈಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಮೂರು ವರ್ಷದಿಂದ ಅವರ ಬಾಯಿಂದ ಅವನಿಗೊಂದು ಭೇಷ್ ಬಿದ್ದಿರಲಿಲ್ಲ; ಬಿದ್ದದ್ದೆಲ್ಲ ಇವಳಿಗೇ. ನಿನ್ನೆಯಷ್ಟೇ ಪುಸ್ತಕದಲ್ಲಿ ಓದಿದ್ದು ನೆನಪಾಗಿ ಎದ್ದು ಪರದೆಗೆ ಬೆರಳಿಟ್ಟ.

"ಸಾರ್, ಚೂರಿನ ಮೂಲೇಲಿ ಮಾತ್ರ ಲೆಕ್ಕದ ಚುಕ್ಕಿ ಇಟ್ಟವ್ಳೆ. ಅಂಚಿನ ಮಧ್ಯದಲ್ಲೂ ಇಡ್ಬೇಕು. ಇಲ್ದಿದ್ರೆ ಲೆಕ್ಕದಲ್ಲಿ ಆ ಚೂರು ಬಾಗೋದೇ ಇಲ್ಲ, ನಿಜವಾದ ಕಬ್ಬಿಣ ಬಾಗ್ತದೆ. ಇದನ್ನ ನಂಬಿದ್ರೆ ಲಕ್ಷ್ಮಕ್ಕನ ಕೈ ಹೋಯ್ತದೆ, ಬುಡಿ."

"ದಿಟ ಕಣಪ್ಪ, ನಾನು ನೋಡ್ಲೇ ಇಲ್ಲ. ಈ ಲೆಕ್ಕ ಬೇಡ," ಎಂದರು ಮೇಷ್ಟ್ರು.

ಗಾನವಿ ಸಿಟ್ಟಾಗಲಿಲ್ಲ. ಫೈಲಿನ ಹೆಸರು ಕಾಣುವಂತೆ ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. "ನಂದು ಇನ್ನೂ ತೆಗ್ದೇ ಇಲ್ಲ ಕಣೋ. ಸಾರ್ ಭೇಷ್ ಅಂದಿದ್ದು ನಿನ್ ಲೆಕ್ಕಕ್ಕೆ."