ಎರಡು ಸೀಟಿನ ಕಾರು

ಗುಜರಿಯಿಂದ ತಂದ ಹಳೆಯ ಸ್ಪೋರ್ಟ್ಸ್ ಕಾರನ್ನು ಪರಶಿವಮೂರ್ತಿಗಳು ಮನೆಯ ಶೆಡ್ಡಿನಲ್ಲೇ ಹನ್ನೊಂದು ವರ್ಷ ರಿಪೇರಿ ಮಾಡಿದರು. ಆ ಭಾನುವಾರ ಬೆಳಿಗ್ಗೆ ಕೊನೆಯ ಬೋಲ್ಟ್ ಬಿಗಿದು, ಹೆಂಡತಿಯನ್ನು ಕೂಗಿದರು.

"ಮಂಗಳಾ, ಮುಗೀತು. ಬಾ, ಒಂದು ರೌಂಡ್ ಹೋಗಿ ಬರೋಣ."

ಪರಶಿವಮೂರ್ತಿಗಳು ಕಷ್ಟಪಟ್ಟು ಸ್ಟೇರಿಂಗ್ ಮುಂದೆ ಕೂತರು. ಆದರೆ ಸವೆದ ಎಡ ಮೊಣಕಾಲು ಕ್ಲಚ್ ತುಳಿಯಲು ಒಪ್ಪಲಿಲ್ಲ. ಮೂರು ಸಲ ಪ್ರಯತ್ನಿಸಿ, ನೋವಿಗೆ ಹಲ್ಲು ಕಚ್ಚಿ, ಸೀಟಿಗೆ ಒರಗಿಬಿಟ್ಟರು.

"ಆಗಲ್ಲ ಕಣೇ. ಮಾರಿಬಿಡೋಣ."

ಸರ್ವಮಂಗಳ ಗಂಡನ ಕಡೆಯ ಬಾಗಿಲು ತೆರೆದರು. "ಇಳಿದು ಆ ಕಡೆ ಸೀಟಿಗೆ ಹೋಗಿ."

"ನಿಂಗೆಲ್ಲಿ ಓಡಿಸೋಕೆ ಬರುತ್ತೆ?"

ಗಂಡ ಇಳಿದ ಸೀಟಿನಲ್ಲಿ ಸರ್ವಮಂಗಳ ಕೂತು, ಕನ್ನಡಿ ಸರಿಮಾಡಿಕೊಂಡು, ಕೀ ತಿರುಗಿಸಿದರು.

"ಲೈಸೆನ್ಸ್ ಆಗಿ ಆರು ವರ್ಷ ಆಯ್ತು ಕಣ್ರೀ. ಹೇಳೋಣ ಅಂತ ಬಂದಾಗೆಲ್ಲ ನೀವು ಕಾರಿನ ಕೆಳಗೆ ಮಲಗಿರ್ತಿದ್ರಿ."