ಹಳದಿ ಬೆಲ್ಟು, ಹರಳೆಣ್ಣೆ

ಹರಳೆಣ್ಣೆಯ ವಾಸನೆ ಬಂದರೆ ನನಗೆ ಈಗಲೂ ರೇಗುತ್ತದೆ.

ಅಂದು ನಾಲ್ಕು ಗಂಟೆಗೆ ಕರಾಟೆಯ ಹಳದಿ ಬೆಲ್ಟಿನ ಪರೀಕ್ಷೆಯಿತ್ತು. ಹೊಟ್ಟೆ ಗಟ್ಟಿಯಾಗಲೆಂದು ಮೇಷ್ಟ್ರು ಹೇಳಿಕೊಟ್ಟಿದ್ದಂತೆ, ಚನ್ನಪಟ್ಟಣದ ಮನೆಯ ತಣ್ಣನೆಯ ಗಾರೆ ನೆಲದಲ್ಲಿ ಮೊಣಕೈ, ಕಾಲ್ಬೆರಳು ಮಾತ್ರ ಊರಿ ಮೈಯನ್ನು ಹಲಗೆಯಂತೆ ಎತ್ತಿ ಹಿಡಿದಿದ್ದೆ. ನಾನು ನಡುಗುತ್ತಿದ್ದುದನ್ನು ಅಜ್ಜಿ ನೋಡಿಬಿಟ್ಟಳು.

"ಅಯ್ಯೋ, ಹೊಕ್ಕುಳ ಬಟ್ಟಿ ಜಾರ್ಬುಟ್ಟೈತೆ! ಅಂಗಾತ ಮನೀಕೊ!"

"ಏನೂ ಜಾರಿಲ್ಲ ಅಜ್ಜಿ, ಇದು ವ್ಯಾಯಾಮ."

"ಐದು ಹೆತ್ತೋಳ್ಗೆ ಹೇಳ್ಕೊಡ್ತೀಯಾ? ಹೊಟ್ಟೆ ಒಸಿ ಸಡ್ಲ ಬುಡು."

ಚಾಪೆಯ ಮೇಲೆ ಕೆಡವಿ, ಜಾರಿದ ನರ ಮತ್ತೆ ಜಾಗಕ್ಕೆ ಬರಲೆಂದು ಒರಟು ಹೆಬ್ಬೆರಳಿನಿಂದ ಹೊಕ್ಕುಳ ಸುತ್ತ ಹರಳೆಣ್ಣೆ ತಿಕ್ಕಿದಳು. ಅಲುಗಿದರೆ ಮತ್ತೆ ಜಾರುತ್ತದೆಂದು ಪಕ್ಕದಲ್ಲೇ ಕಾವಲು ಕೂತಳು. ನಾಲ್ಕಕ್ಕೆ ಪರೀಕ್ಷೆಯಿದೆ ಎಂದು ಎಷ್ಟು ಹೇಳಿದರೂ ಏಳಲು ಬಿಡಲಿಲ್ಲ. ಬೆಲ್ಟು ಗೆದ್ದ ಹುಡುಗಿಯರು ಬೀದಿಯಲ್ಲಿ ಕೇಕೆ ಹಾಕುತ್ತಾ ಹಾದುಹೋದ ಮೇಲೆ ಅಜ್ಜಿ ನನ್ನ ಹೊಟ್ಟೆ ಒತ್ತಿ ನೋಡಿದಳು.

"ನೋಡು, ಕಲ್ಲಿದ್ದಂಗೈತೆ. ಈಗ ಹೋಗವ್ವ, ಅದೇನ್ ಪರೀಕ್ಸೆನೋ ಬರ್ದ್ಬುಟ್ಟು ಬಾ."