ಎರಡು ಸಲ ಎಳೆದು ನೋಡಿ

ಬೀಗದ ಮೇಸ್ತ್ರಿ ಗಾಡಿಯ ಬಾಗಿಲು ಮುಚ್ಚಿ, ಮಗಳು ತೋರಿಸಿಕೊಟ್ಟ ಹಾಗೆ ಹಿಡಿಯ ಮೇಲೆ ಬೆರಳು ಮುಟ್ಟಿಸಿದರು. ಟಿಕ್ ಎಂದು ಬೀಗ ಬಿತ್ತು. ನಲವತ್ತು ವರ್ಷದ ಚಾಳಿ ಎಲ್ಲಿ ಹೋಗುತ್ತದೆ, ಎರಡು ಸಲ ಎಳೆದು ನೋಡಲು ಕೈ ಹಾಕಿದರು. ಮೊದಲನೆಯ ಎಳೆತಕ್ಕೇ ಬಾಗಿಲು ತೆರೆದುಕೊಂಡಿತು.

ಮತ್ತೆ ಮುಚ್ಚಿದರು, ಮುಟ್ಟಿದರು, ಟಿಕ್ ಎಂದಿತು, ಎಳೆದರು. ಬಾಗಿಲು ನೆಂಟರನ್ನು ಒಳಗೆ ಕರೆಯುವ ಹಾಗೆ ಮತ್ತೆ ತೆರೆಯಿತು. ಮೇಸ್ತ್ರಿ ಗಾಬರಿಯಿಂದ ಸುತ್ತ ನೋಡಿದರು. ಯಾಕೆಂದರೆ ಇದು ಯಾರದ್ದೋ ಗಾಡಿಯಲ್ಲ. ಅವರ ಮಗಳು ಇಂಜಿನಿಯರಾಗಿರುವ ಕಾರ್ಖಾನೆಯಲ್ಲಿ ಹೊಸ ರೂಪ ಕೊಟ್ಟು ಮಾಡಿದ ಫೋರ್ ವೀಲ್ ಡ್ರೈವ್. ಅದರ ನಾಲ್ಕು ಬಾಗಿಲು, ಕೀ ತಿರುಗಿಸುವ ಗೋಜೇ ಇಲ್ಲದ ಆ ಬೀಗ, ಎಲ್ಲವೂ ಮಗಳು ನಾಲ್ಕು ವರ್ಷ ನಿದ್ದೆಗೆಟ್ಟು ಮಾಡಿದ್ದು. ಮುಂದಿನ ವಾರ ಮಾರಾಟಕ್ಕೆ ಬರುವ ಮುಂಚೆ, ಮೇಲಿನವರನ್ನು ಕೇಳಿ, ಒಂದು ದಿನದ ಮಟ್ಟಿಗೆ ತಂದು ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿದ್ದಳು. ಕಪ್ಪು ಬಿಲ್ಲೆಯಂಥ ಕೀಯನ್ನು "ಇವತ್ತು ನಿನ್ನ ಹತ್ರಾನೇ ಇರಲಿ" ಎಂದು ಅಪ್ಪನ ಜೇಬಿಗೆ ಹಾಕಿ, ಈಗಷ್ಟೇ ಕಾಫಿ ತರಲು ಹೋಗಿದ್ದಳು.

ಅರ್ಧ ಗಂಟೆಯಿಂದ ಮೇಸ್ತ್ರಿ ಗಾಡಿಯನ್ನು ಸುತ್ತುತ್ತಲೇ ಇದ್ದರು. ಇದೇ ಗಾಡಿಯ ಹಳೆಯ ಮಾದರಿಯ ಜಾತಕವೆಲ್ಲ ಅವರಿಗೆ ಗೊತ್ತು. ಹತ್ತುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತಿತ್ತು, ಬಾಗಿಲು ಎರಡು ಸಲ ಬಡಿಯದೆ ಕೂರುತ್ತಿರಲಿಲ್ಲ. ಅದರ ಬೀಗವೋ, ತಗಡಿನ ಪಟ್ಟಿಯೊಂದನ್ನು ತೂರಿಸಿದರೆ ಸಾಕು, ತೆರೆದುಕೊಳ್ಳುತ್ತಿತ್ತು. "ಅದನ್ನೂ ಬೀಗ ಅಂತಾರಾ" ಎಂದು ಊಟಕ್ಕೆ ಕೂತಾಗಲೆಲ್ಲ ಅವರು ಬೈಯುವುದನ್ನು ಮಗಳು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದಳು. ಇದು ಹಾಗಲ್ಲ. ಕಾಲಿಡುವ ಮೆಟ್ಟಿಲು ತಾನಾಗಿ ಇಳಿಯಿತು, ಬಾಗಿಲು ಒಳ್ಳೆಯ ಬೀರುವಿನ ಹಾಗೆ ಮೆತ್ತಗೆ ಕೂತಿತು, ಗುಂಡಿ ಒತ್ತಿದರೆ ಇಂಜಿನ್ ಕೆಮ್ಮದೆ ಕ್ಯಾಕರಿಸದೆ ಎದ್ದಿತು. ಕೀ ಹಾಕುವ ತೂತೇ ಇಲ್ಲದ ಆ ಬಾಗಿಲ ಮೇಲೆ ಬೆರಳಾಡಿಸುವಾಗ, ತಮ್ಮಂಥವರಿಗೆ ಇದರಲ್ಲಿ ಏನೂ ಕೆಲಸ ಉಳಿದಿಲ್ಲವಲ್ಲ ಎಂದು ಒಂದು ಗಳಿಗೆ ಪಿಚ್ಚೆನಿಸಿದ್ದು ನಿಜ. ಆದರೆ ಹೆಮ್ಮೆಯ ಮುಂದೆ ಅದು ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಬಾಗಿಲು ನೋಡಿ, ಬಾಗಿಲು. ನನ್ನ ಮಗಳು ಮಾಡಿದ್ದು" ಎಂದು ಡಂಗುರ ಸಾರಿದ್ದರು.

ಈಗ ಆ ಬಾಗಿಲೇ ಮಾನ ಕಳೆಯುತ್ತಿತ್ತು. ಎದುರಂಗಡಿಯ ದರ್ಜಿ ಹೊಲಿಗೆ ಮಿಷನ್ ನಿಲ್ಲಿಸಿ ನೋಡುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಬೀದಿಯ ಬಾಯಿಗೆ ಬೀಳುತ್ತಿತ್ತು.

"ಏನಯ್ಯಾ ಮೇಸ್ತ್ರಿ, ಬೀಗ ನಿಲ್ತಿಲ್ವಾ? ಮಗಳು ಮಾಡಿದ್ದು ಅಂದೆ?"

ಮೇಸ್ತ್ರಿಯ ಕೈಗೆ ಬಗ್ಗದ ಬೀಗವಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ತಿಜೋರಿ ಕಚ್ಚಿಕೊಂಡರೆ ದೊಡ್ಡ ದೊಡ್ಡವರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರನ್ನು ಎತ್ತಿ ಪಕ್ಕಕ್ಕಿಟ್ಟರು.

"ಬೀಗ ಸರಿಯಾಗೇ ಇದೆ. ನಂಗೇ ಹಾಕೋಕೆ ಬರ್ತಿಲ್ಲ."

ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂಗೆ ಬೀಗ ಹಾಕೋಕೆ ಬರಲ್ವಾ? ಹಾಗಾದ್ರೆ ನಂಗೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ಬರ್ಕೋ."

"ವಯಸ್ಸಾಯ್ತಪ್ಪ. ಬೆರಳು ಹೇಳಿದ ಮಾತು ಕೇಳಲ್ಲ" ಎಂದು ಮೇಸ್ತ್ರಿ ನಾಚಿಕೆ ನುಂಗಿಕೊಂಡರು.

ಮಗಳು ಕಾಫಿ ಹಿಡಿದು ಬಂದದ್ದೇ ತಡ, ಅವಳನ್ನು ಅಂಗಡಿಯೊಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ಪುಟ್ಟಿ, ಬೀಗ ನಿಲ್ತಿಲ್ಲ. ಎಳೆದ್ರೆ ಬಂದ್ಬಿಡುತ್ತೆ. ಯಾರಿಗೂ ಹೇಳಿಲ್ಲ, ತಪ್ಪು ನಂದೇ ಅಂದಿದೀನಿ. ಮುಂದಿನ ವಾರದೊಳಗೆ ಸದ್ದಿಲ್ಲದೆ ಸರಿ ಮಾಡಿಸ್ಬಿಡು."

ಮಗಳು ಅಪ್ಪನ ಮುಖವನ್ನೇ ನೋಡಿದಳು. ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಕೀ ಎಲ್ಲಿದೆ ಅಪ್ಪ?"

"ಇಲ್ಲೇ, ಜೇಬಲ್ಲಿ."

"ಅದಕ್ಕೇ ತೆಗೀತು. ಕೀ ಇಟ್ಕೊಂಡವರು ಹಿಡಿ ಎಳೆದ್ರೆ, ಯಜಮಾನರು ಬಂದ್ರು ಅಂತ ಅದು ಬಾಗಿಲು ತೆಗೆಯುತ್ತೆ. ಹಾಗೇ ಮಾಡಿರೋದು."

ಅವಳು ಕೀ ಇಸಿದುಕೊಂಡು ಹೊರಗೆ ಬಂದು ಬೀಗ ಹಾಕಿ, ಅದನ್ನು ರಸ್ತೆಯಾಚೆ ಒಯ್ದು ದರ್ಜಿಯ ಕತ್ತರಿಯ ಪಕ್ಕ ಇಟ್ಟಳು. "ಇದನ್ನ ಸ್ವಲ್ಪ ನೋಡ್ಕೊಳ್ಳಿ ಮಾವ. ಅಪ್ಪ, ಈಗ ಎಳಿ."

ಮೇಸ್ತ್ರಿ ಎಳೆದರು. ಅಲುಗಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದರು. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಳೆಯ ತಗಡಿನ ಪಟ್ಟಿಯನ್ನು ತಂದು ಗಾಜಿನ ಅಂಚಿನಲ್ಲಿ ತೂರಿಸಲು ನೋಡಿದರು, ಪಟ್ಟಿಯ ತುದಿಯೂ ಒಳಗೆ ಹೋಗಲಿಲ್ಲ. ತಮ್ಮ ವಿದ್ಯೆ ಸೋತದ್ದಕ್ಕೆ ಅವರು ಜೀವಮಾನದಲ್ಲಿ ಇಷ್ಟು ಖುಷಿಪಟ್ಟಿರಲಿಲ್ಲ.

"ನೋಡಿದ್ಯಾ?" ಎಂದು ದರ್ಜಿಯತ್ತ ತಿರುಗಿದರು. "ಇದಕ್ಕೆ ಅನ್ನೋದು ಬೀಗ ಅಂತ."

ದರ್ಜಿ ಬಾಯಿ ಮುಚ್ಚುವ ಪೈಕಿಯವನಲ್ಲ. "ಅದು ಸರಿ ಮಗಳೇ, ಅಷ್ಟೊಂದು ಗಾಡಿ ಬಾಗಿಲನ್ನ ಕಾರ್ಖಾನೇಲಿ ಯಾರು ನೋಡ್ತಾರೆ? ಯಂತ್ರನಾ?"

"ಯಂತ್ರನೂ ಇದೆ ಮಾವ. ಅದಾದ್ಮೇಲೆ ಒಬ್ರು ಕೀ ತಗೊಂಡು ದೂರ ಹೋಗ್ತಾರೆ, ಇನ್ನೊಬ್ರು ಒಂದೊಂದು ಬಾಗಿಲನ್ನೂ ಎರಡು ಸಲ ಎಳೆದು ನೋಡ್ತಾರೆ. ಹಾಗೆ ನೋಡದೆ ಯಾವ ಗಾಡಿನೂ ಗೇಟು ದಾಟೋ ಹಾಗಿಲ್ಲ. ಯಂತ್ರ ಇರುವಾಗ ಇದೆಲ್ಲ ಯಾಕೆ ಅಂದ್ರು ಮೇಲಿನವರು. ನಾನು ಹಟ ಹಿಡಿದು ಸೇರಿಸಿದೆ."

ಮಗಳು ಮೊಬೈಲಿನಲ್ಲಿ ಈ ಗಾಡಿಯ ಪರೀಕ್ಷೆಯ ಪಟ್ಟಿಯನ್ನು ತೆಗೆದು ಅಪ್ಪನ ಮುಂದೆ ಹಿಡಿದಳು. "ಅಪ್ಪ ಹೀಗೆ ನೋಡ್ತಾರೆ, ಅಪ್ಪ ಹೀಗೆ ನೋಡ್ತಾರೆ ಅಂತ ನಾನು ಹೇಳಿ ಹೇಳಿ, ಅಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತ್ಬಿಡ್ತು."

ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಓದಿದರು. ಹದಿನೇಳು ಪರೀಕ್ಷೆಗಳ ಕೆಳಗೆ, ಎಲ್ಲಕ್ಕಿಂತ ಕೊನೆಯ ಸಾಲು: "ಅಪ್ಪನ ಎಳೆತ: ನಾಲ್ಕೂ ಬಾಗಿಲು ಪಾಸು."